ವಂಶಾವಳಿಯ ಪಠ್ಯ ಮತ್ತು ಅದರ ಮೌನಗಳು: ವರ್ಜೀನಿಯಾದ ಜಾನ್ ರೋಲ್ಫ್ ಕುಟುಂಬದ ಕಥನಗಳ ವಿಮರ್ಶೆ

1

ವಂಶಾವಳಿಯನ್ನು ಚರಿತ್ರೆಯ ಪೂರಕ ಆಕರವೆಂದು ಪರಿಗಣಿಸುವುದು ವಾಡಿಕೆ. ಹುಟ್ಟು, ಮದುವೆ, ಸಾವು, ಆಸ್ತಿಯ ಹಂಚಿಕೆ ಇವುಗಳ ನಿರ್ಲಿಪ್ತ ಪಟ್ಟಿಯಂತೆ ಅದು ಮೇಲುನೋಟಕ್ಕೆ ಕಾಣುತ್ತದೆ. ಆದರೆ ಪಟ್ಟಿಯೂ ಒಂದು ಬಗೆಯ ಕಥನವೇ. ಯಾರಿಂದ ಆರಂಭಿಸಬೇಕು, ಯಾವ ಕವಲನ್ನು ಬೆಳೆಸಬೇಕು, ಯಾವ ಕವಲನ್ನು ಒಂದು ಸಾಲಿನಲ್ಲಿ ಮುಗಿಸಬೇಕು, ಹೆಸರು ಸಿಗದ ಕಡೆ ಏನು ಮಾಡಬೇಕು ಎಂಬ ಆಯ್ಕೆಗಳನ್ನು ವಂಶಾವಳಿಕಾರ ಪ್ರತಿ ಪುಟದಲ್ಲಿಯೂ ಮಾಡುತ್ತಿರುತ್ತಾನೆ. ಈ ಆಯ್ಕೆಗಳ ಹಿಂದೆ ಕುಟುಂಬದ ಅಭಿಮಾನ ಇರುವಂತೆಯೇ ಭೂಮಿಯ ಹಕ್ಕು, ಕಾನೂನಿನ ಒತ್ತಡ, ಸಮಾಜದ ಶ್ರೇಣೀಕರಣಗಳೂ ಇರುತ್ತವೆ. ಆದ್ದರಿಂದ ವಂಶಾವಳಿಯನ್ನು ಆಕರವಾಗಿ ಬಳಸುವ ಮೊದಲು ಅದನ್ನು ಪಠ್ಯವಾಗಿ ಓದಬೇಕಾಗುತ್ತದೆ.

ಈ ಬಗೆಯ ಓದಿಗೆ ಜಾನ್ ರೋಲ್ಫ್‌ನ ಕುಟುಂಬದಷ್ಟು ಒದಗಿಬರುವ ನಿದರ್ಶನಗಳು ವಿರಳ. ಉತ್ತರ ಅಮೆರಿಕದಲ್ಲಿ ಇಂಗ್ಲಿಷರ ಮೊದಲ ಶಾಶ್ವತ ನೆಲೆಯಾದ ಜೇಮ್ಸ್‌ಟೌನ್ 1607ರಲ್ಲಿ ಸ್ಥಾಪನೆಯಾಯಿತು. ಅಲ್ಲಿಗೆ 1610ರಲ್ಲಿ ಬಂದ ರೋಲ್ಫ್ ಹೊಗೆಸೊಪ್ಪಿನ ಬೇಸಾಯವನ್ನು ವಸಾಹತಿನ ಆರ್ಥಿಕ ಆಧಾರವನ್ನಾಗಿ ಮಾಡಿದವನು. ಆ ಪ್ರದೇಶದ ಮೂಲನಿವಾಸಿ ಬುಡಕಟ್ಟುಗಳ ಅಧಿನಾಯಕ ಪೌಹಾಟನ್‌ನ ಮಗಳು ಪೊಕಾಹೊಂಟಸ್‌ಳನ್ನು ಮದುವೆಯಾದವನು. ಈ ದಾಂಪತ್ಯದಿಂದ ಹುಟ್ಟಿದ ಒಬ್ಬನೇ ಮಗನ ಮೂಲಕ ಬೆಳೆದ ಸಂತತಿ ವರ್ಜೀನಿಯಾದ ಪ್ರತಿಷ್ಠಿತ ಮನೆತನಗಳನ್ನು ಹೆಣೆದುಕೊಂಡಿತು. ಆ ಸಂತತಿಯ ಲೆಕ್ಕ 18ನೆಯ ಶತಮಾನದಲ್ಲಿ ಚರಿತ್ರೆಯ ಗ್ರಂಥಕ್ಕೆ, 19ನೆಯ ಶತಮಾನದಲ್ಲಿ ವಂಶಾವಳಿಯ ಗ್ರಂಥಕ್ಕೆ, 20ನೆಯ ಶತಮಾನದಲ್ಲಿ ರಾಜ್ಯದ ಕಾನೂನಿಗೆ ಪ್ರವೇಶ ಪಡೆಯಿತು. ಒಂದು ಕುಟುಂಬದ ರಕ್ತಸಂಬಂಧದ ಹೆಮ್ಮೆ ಶಾಸನದ ವಾಕ್ಯವಾಗಿ ಮಾರ್ಪಟ್ಟ ಈ ಪ್ರಕ್ರಿಯೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಅಮೆರಿಕದ ದಾಖಲೆಗಳಲ್ಲಿ ‘ಇಂಡಿಯನ್’ ಎಂದು ಕರೆಯಲ್ಪಟ್ಟವರನ್ನು ಇಲ್ಲಿ ಮೂಲನಿವಾಸಿಗಳೆಂದು ಕರೆಯಲಾಗಿದೆ.

2

ರೋಲ್ಫ್‌ನ ಬದುಕಿನ ಮೊದಲ ಕೊಂಡಿಯೇ ಪರಂಪರೆಯ ಬಲದ ಮೇಲೆ ನಿಂತಿದೆ. ಇಂಗ್ಲೆಂಡಿನ ನಾರ್ಫೋಕ್ ಪ್ರಾಂತ್ಯದ ಹೀಚಮ್ ಗ್ರಾಮದಲ್ಲಿ 1585ರ ಮೇ 6ರಂದು ದೀಕ್ಷಾಸ್ನಾನ ಪಡೆದ ಜಾನ್ ರೋಲ್ಫ್ ಎಂಬ ಮಗುವೇ ಮುಂದೆ ವರ್ಜೀನಿಯಾಕ್ಕೆ ಬಂದವನೆಂದು ವಂಶಾವಳಿಕಾರರು ಗುರುತಿಸುತ್ತ ಬಂದಿದ್ದಾರೆ. ಆತ ದಾಖಲೆಗಳಲ್ಲಿ ಸ್ಪಷ್ಟವಾಗಿ ಕಾಣಿಸಿಕೊಳ್ಳುವುದು ಒಂದು ನೌಕಾಘಾತದ ಸಂದರ್ಭದಲ್ಲಿ. 1609ರ ಜೂನ್ ತಿಂಗಳಲ್ಲಿ ಪ್ಲಿಮತ್‌ನಿಂದ ಹೊರಟ ‘ಸೀ ವೆಂಚರ್’ ಎಂಬ ಹಡಗು ಜುಲೈ ತಿಂಗಳಲ್ಲಿ ಚಂಡಮಾರುತಕ್ಕೆ ಸಿಕ್ಕಿ ಬರ್ಮುಡಾ ದ್ವೀಪದ ಬಂಡೆಗಳಿಗೆ ಬಡಿಯಿತು. ಅದರಲ್ಲಿದ್ದ ಸುಮಾರು 150 ಜನ ಹಲವು ತಿಂಗಳು ಅಲ್ಲಿಯೇ ಉಳಿದು, ಎರಡು ಸಣ್ಣ ಹಡಗುಗಳನ್ನು ಕಟ್ಟಿಕೊಂಡು, 1610ರ ಮೇ ತಿಂಗಳಲ್ಲಿ ಜೇಮ್ಸ್‌ಟೌನ್ ತಲುಪಿದರು. ಹಡಗಿನಲ್ಲಿದ್ದ ವಿಲಿಯಂ ಸ್ಟ್ರೇಚಿ ಈ ಅನುಭವವನ್ನು ಬರೆದಿಟ್ಟಿದ್ದಾನೆ. ರೋಲ್ಫ್ ದಂಪತಿಗಳಿಗೆ ದ್ವೀಪದಲ್ಲಿ ಹೆಣ್ಣು ಮಗು ಹುಟ್ಟಿತೆಂದೂ, 1610ರ ಫೆಬ್ರುವರಿ 11ರಂದು ಅದಕ್ಕೆ ಬರ್ಮುಡಾ ಎಂದು ಹೆಸರಿಡಲಾಯಿತೆಂದೂ ಆತ ತಿಳಿಸುತ್ತಾನೆ. ಮಗುವಿನ ಧರ್ಮಪಿತೃಗಳಲ್ಲಿ ಆತನೂ ಒಬ್ಬ. ಆ ಶಿಶು ಅಲ್ಲಿಯೇ ತೀರಿಕೊಂಡಿತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಅಲ್ಪಕಾಲ ಬದುಕಿದ ಮಗುವಿನ ಹೆಸರು ದಾಖಲೆಯಲ್ಲಿದೆ, ಧರ್ಮಪಿತೃಗಳ ಹೆಸರುಗಳೂ ಇವೆ. ಮಗುವನ್ನು ಹೆತ್ತ ತಾಯಿಯ ಹೆಸರು ಇಲ್ಲ. ಸಮಕಾಲೀನ ದಾಖಲೆಗಳಲ್ಲಿ ಆಕೆ ರೋಲ್ಫ್‌ನ ಹೆಂಡತಿ ಮಾತ್ರ. ನಂತರದ ವಂಶವೃಕ್ಷಗಳಲ್ಲಿ ಆಕೆಗೆ ಸಾರಾ ಹ್ಯಾಕರ್ ಎಂಬ ಹೆಸರು ಅಂಟಿಕೊಂಡು, ಒಂದು ವೃಕ್ಷದಿಂದ ಮತ್ತೊಂದಕ್ಕೆ ನಕಲಾಗುತ್ತ ಸತ್ಯದ ರೂಪ ತಾಳಿದೆ. ಖಾಲಿ ಚೌಕವನ್ನು ವಂಶವೃಕ್ಷದ ವಿನ್ಯಾಸ ಸಹಿಸಿಕೊಳ್ಳುವುದಿಲ್ಲ; ತುಂಬಲೇಬೇಕೆಂಬ ಒತ್ತಾಯವನ್ನು ಆ ವಿನ್ಯಾಸವೇ ಹುಟ್ಟಿಸುತ್ತದೆ.

ಹೆಸರಿಲ್ಲದ ತಾಯಂದಿರು ಈ ವಂಶದಲ್ಲಿ ಇನ್ನೂ ಇದ್ದಾರೆ. ಪೊಕಾಹೊಂಟಸ್‌ಳ ತಂದೆಯ ಬಗೆಗೆ ಇಂಗ್ಲಿಷರು ಪುಟಗಟ್ಟಲೆ ಬರೆದರು. ತಾಯಿಯ ಹೆಸರನ್ನು ಯಾರೂ ಬರೆದಿಡಲಿಲ್ಲ. ಮಗ ಥಾಮಸ್ ರೋಲ್ಫ್‌ನ ಹೆಂಡತಿ ಪಾಯ್ಥ್ರೆಸ್ ಎಂಬ ಮನೆತನದವಳೆಂಬುದು ಕುಟುಂಬದ ಪರಂಪರೆಯ ಹೇಳಿಕೆ. ಹೀಗೆ ಮೂರು ತಲೆಮಾರುಗಳಲ್ಲಿ ಮೂವರು ಹೆಂಗಸರು ತಾಯಂದಿರಾಗಿಯೂ ವಂಶಾವಳಿಯ ಅಂಚಿನಲ್ಲಿ ಉಳಿದರು.

ಹೆಸರು ಇರುವ ಕಡೆಯೂ ದಾಖಲೆ ನಿಶ್ಚಿತವೆಂದು ಭಾವಿಸುವಂತಿಲ್ಲ. 1613ರಲ್ಲಿ ಕ್ಯಾಪ್ಟನ್ ಸ್ಯಾಮ್ಯುಯೆಲ್ ಆರ್ಗಲ್ ಉಪಾಯದಿಂದ ಸೆರೆಹಿಡಿದ ಪೊಕಾಹೊಂಟಸ್ ಸೆರೆಯಲ್ಲಿದ್ದಾಗಲೇ ಕ್ರೈಸ್ತ ದೀಕ್ಷೆ ಪಡೆದು ರೆಬೆಕಾ ಆದಳು. 1614ರ ಏಪ್ರಿಲ್ ತಿಂಗಳಲ್ಲಿ ರೋಲ್ಫ್‌ನನ್ನು ಮದುವೆಯಾದಳು. 1616ರಲ್ಲಿ ಗಂಡ ಮತ್ತು ಮಗುವಿನೊಂದಿಗೆ ಇಂಗ್ಲೆಂಡಿಗೆ ಹೋದ ಆಕೆ ಹಿಂದಿರುಗುವ ಪಯಣದ ಆರಂಭದಲ್ಲಿಯೇ ಗ್ರೇವ್ಸೆಂಡ್‌ನಲ್ಲಿ ತೀರಿಕೊಂಡಳು. 1617ರ ಮಾರ್ಚ್ 21ರಂದು ಆಕೆಯನ್ನು ಸಮಾಧಿ ಮಾಡಿದ್ದನ್ನು ದಾಖಲಿಸಿದ ಚರ್ಚಿನ ದಫ್ತರ ಆಕೆಯನ್ನು ಥಾಮಸ್ ರಾತ್ ಎಂಬುವನ ಹೆಂಡತಿಯೆಂದು ಬರೆದಿದೆ. ಗಂಡನ ಹೆಸರೂ ಮನೆತನದ ಹೆಸರೂ ಎರಡೂ ತಪ್ಪು. ವರ್ಜೀನಿಯಾದಲ್ಲಿ ಹುಟ್ಟಿದವಳೆಂಬ ಮಾತು ಆ ನಮೂದಿನಲ್ಲಿ ಇಲ್ಲದಿದ್ದರೆ ಅದು ಯಾರ ಸಮಾಧಿಯೆಂದು ಗುರುತಿಸುವುದೇ ಕಷ್ಟವಾಗುತ್ತಿತ್ತು. ಮೂಲ ದಾಖಲೆಯ ಪ್ರಾಮಾಣ್ಯವನ್ನು ಅನುಮಾನವಿಲ್ಲದೆ ಒಪ್ಪುವ ಸಂಶೋಧಕರಿಗೆ ಈ ಒಂದು ಸಾಲು ಸಾಕಷ್ಟು ಎಚ್ಚರಿಕೆ ನೀಡುತ್ತದೆ.

3

ರೋಲ್ಫ್ ಕುಟುಂಬದ ವಂಶಾವಳಿ ತಂದೆಯ ಹೆಸರನ್ನು ಹಿಡಿದು ಸಾಗುವ ಇಂಗ್ಲಿಷ್ ಕ್ರಮವನ್ನು ಸಹಜವೆಂದು ಭಾವಿಸಿಕೊಂಡಿದೆ. ಆದರೆ 17ನೆಯ ಶತಮಾನದ ವರ್ಜೀನಿಯಾದಲ್ಲಿ ವಂಶವನ್ನು ಎಣಿಸುವ ಕ್ರಮ ಒಂದೇ ಆಗಿರಲಿಲ್ಲ. ಮೂರು ಕ್ರಮಗಳು ಅಕ್ಕಪಕ್ಕದಲ್ಲಿದ್ದವು. ಅವುಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಮಾತ್ರ ಮೊದಲನೆಯದರ ಸ್ವರೂಪ ತಿಳಿಯುತ್ತದೆ.

ಎರಡನೆಯದು ಪೌಹಾಟನ್‌ನ ಜನರ ಕ್ರಮ. 1612ರಲ್ಲಿ ಪ್ರಕಟವಾದ ತನ್ನ ಕೃತಿಯಲ್ಲಿ ಕ್ಯಾಪ್ಟನ್ ಜಾನ್ ಸ್ಮಿತ್ ಇದನ್ನು ಸ್ಪಷ್ಟವಾಗಿ ವಿವರಿಸಿದ್ದಾನೆ. ನಾಯಕನ ಅಧಿಕಾರ ಆತನ ಮಕ್ಕಳಿಗೆ ಹೋಗುವುದಿಲ್ಲ. ಮೊದಲು ತಮ್ಮಂದಿರಿಗೆ, ಅನಂತರ ಸೋದರಿಯರಿಗೆ, ಅವರ ಬಳಿಕ ಹಿರಿಯ ಸೋದರಿಯ ಮಕ್ಕಳಿಗೆ ಸಲ್ಲುತ್ತದೆ. ಗಂಡುಸಂತತಿಯ ಮೂಲಕ ಅದು ಎಂದಿಗೂ ಹರಿಯುವುದಿಲ್ಲ. ಕರಾವಳಿಯ ಅಳಿಯಸಂತಾನ ಕಟ್ಟನ್ನು ಬಲ್ಲ ಕನ್ನಡ ಓದುಗರಿಗೆ ಈ ತರ್ಕ ಅಪರಿಚಿತವಲ್ಲ. 1618ರಲ್ಲಿ ಪೌಹಾಟನ್ ತೀರಿಕೊಂಡಾಗ ಅಧಿಕಾರ ಆತನ ಸೋದರರಿಗೇ ಹೋಯಿತು. ಈ ಕ್ರಮದ ಪ್ರಕಾರ ಪೊಕಾಹೊಂಟಸ್ ಪ್ರಭಾವಿ ನಾಯಕನ ಮೆಚ್ಚಿನ ಮಗಳೇ ಹೊರತು ರಾಜ್ಯದ ಉತ್ತರಾಧಿಕಾರಿಣಿಯಲ್ಲ. ಆಕೆಯನ್ನು ‘ರಾಜಕುಮಾರಿ’ಯನ್ನಾಗಿ ಮಾಡಿದ್ದು ಲಂಡನ್ನಿನ ಕಲ್ಪನೆ. ಸಾಮಾನ್ಯ ಪ್ರಜೆಯಾದ ರೋಲ್ಫ್ ರಾಜವಂಶದ ಕನ್ಯೆಯನ್ನು ಮದುವೆಯಾದದ್ದಕ್ಕೆ ಒಂದನೆಯ ಜೇಮ್ಸ್ ದೊರೆ ಅಸಮಾಧಾನಗೊಂಡನೆಂಬ ಐತಿಹ್ಯ ವರ್ಜೀನಿಯಾದಲ್ಲಿ ಬಹುಕಾಲ ಪ್ರಚಲಿತವಾಗಿತ್ತು. ಇದು ನಿಜವಿರಲಿ ಇಲ್ಲದಿರಲಿ, ಇಂಗ್ಲಿಷ್ ಎಣಿಕೆಯನ್ನು ಮತ್ತೊಂದು ಸಮಾಜದ ಮೇಲೆ ಹೇರಿದ ಬಗೆಯನ್ನು ಅದು ತೋರಿಸುತ್ತದೆ.

ಮೂರನೆಯದು ಗುಲಾಮಗಿರಿಯ ಕ್ರಮ. 1619ರ ಆಗಸ್ಟ್ ತಿಂಗಳಲ್ಲಿ ಪಾಯಿಂಟ್ ಕಂಫರ್ಟ್ ಎಂಬ ಸ್ಥಳಕ್ಕೆ ಬಂದ ಹಡಗೊಂದು ಇಪ್ಪತ್ತಕ್ಕೂ ಸ್ವಲ್ಪ ಹೆಚ್ಚು ಆಫ್ರಿಕನ್ನರನ್ನು ಆಹಾರ ಸಾಮಗ್ರಿಗೆ ಬದಲಾಗಿ ಕೊಟ್ಟುಹೋಯಿತು. ಇದನ್ನು ಲಂಡನ್ನಿಗೆ ಪತ್ರ ಬರೆದು ತಿಳಿಸಿದವನು ಜಾನ್ ರೋಲ್ಫ್‌ನೇ. ಆತ ಎಡ್ವಿನ್ ಸ್ಯಾಂಡಿಸ್‌ಗೆ ಬರೆದ ಆ ಪತ್ರದಲ್ಲಿ ಅವರ ಸಂಖ್ಯೆ ಉಂಟು, ಹೆಸರುಗಳಿಲ್ಲ. ಕೆಲವು ದಿನಗಳ ಅನಂತರ ‘ಟ್ರೆಶರರ್’ ಎಂಬ ಮತ್ತೊಂದು ಹಡಗು ಬಂದಿತು. 1625ರ ಜನಗಣತಿಯಲ್ಲಿ ಜೇಮ್ಸ್‌ಟೌನಿನ ಕ್ಯಾಪ್ಟನ್ ವಿಲಿಯಂ ಪಿಯರ್ಸ್‌ನ ಮನೆಯಲ್ಲಿ ಆ ಹಡಗಿನಲ್ಲಿ ಬಂದ ಆಂಜೆಲಾ ಎಂಬ ಆಫ್ರಿಕನ್ ಹೆಂಗಸು ನಮೂದಾಗಿದ್ದಾಳೆ. ಪಿಯರ್ಸ್ ಬೇರೆ ಯಾರೂ ಅಲ್ಲ. ರೋಲ್ಫ್‌ನ ಮೂರನೆಯ ಹೆಂಡತಿ ಜೇನ್‌ಳ ತಂದೆ. ಅದೇ ಜನಗಣತಿಯಲ್ಲಿ ರೋಲ್ಫ್ ಮತ್ತು ಜೇನ್‌ರ ಮಗಳು, ನಾಲ್ಕು ವರ್ಷದ ಎಲಿಜಬೆತ್, ತಾಯಿಯ ಮರುಮದುವೆಯ ಮನೆಯಲ್ಲಿ ಕಾಣಿಸಿಕೊಳ್ಳುತ್ತಾಳೆ. ಹೀಗೆ ಕುಟುಂಬದ ವಂಶಾವಳಿಗೂ ಆಂಜೆಲಾಳಿಗೂ ಇರುವ ಅಂತರ ಒಂದು ಹೊಸ್ತಿಲಿನಷ್ಟು. ಆದರೂ ಆಕೆಯ ತಂದೆ, ತಾಯಿ, ಗಂಡ, ಮಕ್ಕಳು ಇವರಾರೂ ಯಾವ ಪಟ್ಟಿಯಲ್ಲಿಯೂ ಇಲ್ಲ. 1662ರಲ್ಲಿ ವರ್ಜೀನಿಯಾದ ಶಾಸನಸಭೆ ಮಗುವಿನ ಸ್ಥಿತಿ ತಾಯಿಯ ಸ್ಥಿತಿಯನ್ನು ಅನುಸರಿಸತಕ್ಕದ್ದೆಂದು ಕಾಯ್ದೆ ಮಾಡಿತು. ಇಂಗ್ಲಿಷರಿಗೆ ಆಸ್ತಿಯನ್ನು ತಂದೆಯಿಂದ ಹರಿಸುತ್ತಿದ್ದ ಕಾನೂನು ಆಫ್ರಿಕನ್ನರಿಗೆ ದಾಸ್ಯವನ್ನು ತಾಯಿಯಿಂದ ಹರಿಸಿತು. ಬಿಳಿಯ ಒಡೆಯ ತನ್ನ ಗುಲಾಮಳಲ್ಲಿ ಹುಟ್ಟಿಸಿದ ಮಗು ಆತನ ಆಸ್ತಿಯ ಪಟ್ಟಿಗೆ ಸೇರಿತು, ವಂಶದ ಪಟ್ಟಿಗೆ ಸೇರಲಿಲ್ಲ.

ಈ ಮೂರು ಕ್ರಮಗಳು ಸಂಧಿಸುವ ಬಿಂದುವಿನಲ್ಲಿ ಥಾಮಸ್ ರೋಲ್ಫ್ ನಿಂತಿದ್ದಾನೆ. 1615ರಲ್ಲಿ ಹುಟ್ಟಿದ ಈತನನ್ನು ತಂದೆ ಇಂಗ್ಲೆಂಡಿನಲ್ಲಿಯೇ ಬಿಟ್ಟುಬಂದ. ಜಾನ್ ರೋಲ್ಫ್ 1622ರಲ್ಲಿ ತೀರಿಕೊಂಡ ಬಳಿಕ ಆತನ ಸೋದರ ಹೆನ್ರಿ, ಪೌಹಾಟನ್‌ನ ಮಗಳ ಮಗುವನ್ನು ತಾನು ಸಾಕುತ್ತಿರುವುದಾಗಿ ತಿಳಿಸಿ, ಅದರ ಪೋಷಣೆಗೆ ಆಸ್ತಿಯಿಂದ ನೆರವು ಕೋರಿ ವರ್ಜೀನಿಯಾ ಕಂಪನಿಗೆ ಮನವಿ ಸಲ್ಲಿಸಿದ. ಥಾಮಸ್ ವರ್ಜೀನಿಯಾದ ದಾಖಲೆಗಳಿಗೆ ಮರಳುವುದು 1635ರಲ್ಲಿ. ಒಬ್ಬ ವಲಸೆಗಾರನನ್ನು ಕರೆತಂದುದಕ್ಕೆ 50 ಎಕರೆಯಂತೆ ಭೂಮಿ ನೀಡುವ ಪದ್ಧತಿ ಆಗ ಇತ್ತು. ವಿಲಿಯಂ ಪಿಯರ್ಸ್ 40 ಜನರ ಲೆಕ್ಕದಲ್ಲಿ 2000 ಎಕರೆಯ ಹಕ್ಕು ಪಡೆದ ಪತ್ರದಲ್ಲಿ ಥಾಮಸ್‌ನ ಹೆಸರೂ ಸೇರಿದೆ. ಪೌಹಾಟನ್‌ನ ಮೊಮ್ಮಗ ತನ್ನ ತಾಯಿಯ ನೆಲಕ್ಕೆ ಬಂದದ್ದು ಆ ನೆಲದಲ್ಲಿ ಇಂಗ್ಲಿಷರಿಗೆ 50 ಎಕರೆ ದೊರಕಿಸುವ ಘಟಕವಾಗಿ.

1641ರಲ್ಲಿ ಥಾಮಸ್ ತನ್ನ ತಾಯಿಯ ಸೋದರಿಯನ್ನೂ ಬಂಧುವಾದ ಓಪೆಚಾಂಕನೊನನ್ನೂ ನೋಡಲು ಹೋಗಲು ಅನುಮತಿ ಬೇಡಿ ಗವರ್ನರನಿಗೆ ಮನವಿ ಮಾಡಿಕೊಂಡ. ಪೌಹಾಟನ್‌ನ ಸೋದರನಾದ ಓಪೆಚಾಂಕನೊ 1622ರಲ್ಲಿ ವಸಾಹತುಗಾರರ ಮೇಲೆ ನಡೆದ ದೊಡ್ಡ ದಾಳಿಯ ನಾಯಕ. ತಾಯಿಯ ಕಡೆಯ ಬಂಧುಗಳನ್ನು ಕಾಣಲು ಸರ್ಕಾರದ ಪರವಾನಗಿ ಬೇಕಾಗಿದ್ದ ಸ್ಥಿತಿ ಅದು. ಐದು ವರ್ಷಗಳ ಅನಂತರ, ಓಪೆಚಾಂಕನೊ ಸೆರೆಸಿಕ್ಕು ಕೊಲ್ಲಲ್ಪಟ್ಟ 1646ರಲ್ಲಿಯೇ, ಆರು ಜನ ಕಾವಲುಗಾರರನ್ನು ಇಟ್ಟುಕೊಳ್ಳುವ ಷರತ್ತಿನ ಮೇಲೆ ಚಿಕಹಾಮಿನಿ ತೀರದ ಕೋಟೆ ಮತ್ತು 400 ಎಕರೆ ಭೂಮಿ ಥಾಮಸ್‌ಗೆ ದೊರೆಯಿತು. ಬಂಧುತ್ವವನ್ನು ನೆನೆದ ಮನವಿಯಿಂದ ಆ ಬಂಧುಗಳ ವಿರುದ್ಧದ ಕೋಟೆಯವರೆಗಿನ ಈ ಐದು ವರ್ಷಗಳ ಅಂತರದಲ್ಲಿ ಒಬ್ಬ ಮನುಷ್ಯನ ಇಬ್ಬಂದಿತನ ಅಡಗಿದೆ. ವಂಶಾವಳಿಗಳು ಎರಡನ್ನೂ ಹೇಳುತ್ತವೆ. ಎರಡರ ನಡುವಿನ ಸಂಬಂಧವನ್ನು ಮಾತ್ರ ಕೇಳುವುದಿಲ್ಲ.

4

ಥಾಮಸ್‌ನ ಬಳಿಕ ವಂಶವು ಒಂದೇ ಎಳೆಯಾಗಿ ಸಾಗುತ್ತದೆ. ಆತನ ಮಗಳು ಜೇನ್ 1675ರಲ್ಲಿ ರಾಬರ್ಟ್ ಬೋಲಿಂಗ್‌ನನ್ನು ಮದುವೆಯಾಗಿ, ಮರುವರ್ಷ ಹುಟ್ಟಿದ ಜಾನ್ ಎಂಬ ಒಬ್ಬನೇ ಮಗನನ್ನು ಬಿಟ್ಟು ತೀರಿಕೊಂಡಳು. ಜಾನ್ ಬೋಲಿಂಗ್‌ನ ಮಗ ಮತ್ತು ಐವರು ಹೆಣ್ಣುಮಕ್ಕಳ ಮೂಲಕ ಸಂತತಿ ಹರಡಿತು. ರಾಬರ್ಟ್ ಬೋಲಿಂಗ್‌ನ ಎರಡನೆಯ ಮದುವೆಯ ಸಂತತಿಯನ್ನು ‘ಬಿಳಿ ಬೋಲಿಂಗ್’ ಎಂದೂ ಪೊಕಾಹೊಂಟಸ್‌ಳ ಕವಲನ್ನು ‘ಕೆಂಪು ಬೋಲಿಂಗ್’ ಎಂದೂ ಕರೆಯುವ ರೂಢಿ ಬೆಳೆಯಿತು.

ಈ ಸಂತತಿಯನ್ನು ಮುದ್ರಿತ ಚರಿತ್ರೆಗೆ ತಂದವನು ವಿಲಿಯಂ ಸ್ಟಿತ್. 1747ರ ತನ್ನ ವರ್ಜೀನಿಯಾ ಚರಿತ್ರೆಯಲ್ಲಿ ಆತ ಜಾನ್ ಬೋಲಿಂಗ್‌ನ ಮಗನನ್ನೂ ರಾಂಡಾಲ್ಫ್, ಫ್ಲೆಮಿಂಗ್, ಗೇ, ಎಲ್ಡ್ರಿಜ್, ಮರ್ರೆ ಮನೆತನಗಳಿಗೆ ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನೂ ಹೆಸರಿಸುತ್ತಾನೆ. ಹೆಣ್ಣುಮಕ್ಕಳು ಇಲ್ಲಿ ಗಂಡಂದಿರ ಹೆಸರುಗಳಿಂದ ಗುರುತಿಸಲ್ಪಡುತ್ತಾರೆ. ನಾಡಿನ ಚರಿತ್ರೆಯ ನಡುವೆ ನೆರೆಹೊರೆಯ ಪ್ರತಿಷ್ಠಿತರ ಪಟ್ಟಿ ಬರುವುದು ಆಕಸ್ಮಿಕವಲ್ಲ. ಭೂಮಿಯ ಪುರಾತನ ಒಡೆಯರೊಂದಿಗೆ ಇಂದಿನ ಒಡೆಯರಿಗೆ ರಕ್ತಸಂಬಂಧವಿದೆ ಎಂಬ ಸೂಚನೆ ಒಡೆತನಕ್ಕೆ ಒಂದು ನೈತಿಕ ಹೊದಿಕೆಯನ್ನು ಒದಗಿಸುತ್ತದೆ.

ಈ ಹೆಮ್ಮೆ ಸಾಧ್ಯವಾದದ್ದಕ್ಕೆ ಕಾನೂನಿನ ನೆರವೂ ಇತ್ತು. ವರ್ಜೀನಿಯಾದ 1705ರ ಕಾಯ್ದೆಯೊಂದು ಆಫ್ರಿಕನ್ನರಿಗೂ ಮೂಲನಿವಾಸಿಗಳಿಗೂ ಮಿಶ್ರಸಂತತಿಯವರಿಗೂ ಸಾರ್ವಜನಿಕ ಅಧಿಕಾರಸ್ಥಾನಗಳನ್ನು ನಿಷೇಧಿಸಿತು. ಮಿಶ್ರಸಂತತಿ ಯಾರೆಂಬುದನ್ನು ವಿವರಿಸುವಾಗ ಅದು ಮೂಲನಿವಾಸಿಯ ಮಗುವನ್ನು ಮಾತ್ರ ಹೆಸರಿಸಿತು. ಆಫ್ರಿಕನ್ನರ ವಿಷಯದಲ್ಲಿ ಮಗು, ಮೊಮ್ಮಗು, ಮರಿಮಗುವಿನವರೆಗೂ ವಿಸ್ತರಿಸಿತು. ಜಾನ್ ಬೋಲಿಂಗ್ ಪೊಕಾಹೊಂಟಸ್‌ಳ ಮರಿಮಗ. ಆತ ವಸಾಹತಿನ ಶಾಸನಸಭೆಯ ಸದಸ್ಯನಾಗಿದ್ದವನು. ಆತನ ಮುತ್ತಜ್ಜಿ ಪೊಕಾಹೊಂಟಸ್ ಆಗಿರದೆ ಆಂಜೆಲಾಳಂಥ ಒಬ್ಬ ಹೆಂಗಸಾಗಿದ್ದರೆ ಅದೇ ಕಾಯ್ದೆ ಆತನನ್ನು ಸಭೆಯ ಬಾಗಿಲಲ್ಲಿಯೇ ತಡೆಯುತ್ತಿತ್ತು. ಎರಡು ವಂಶಗಳ ದೂರ ಸಮಾನ, ಫಲ ವಿರುದ್ಧ. ಯಾವ ಪೂರ್ವಜರನ್ನು ಹೆಮ್ಮೆಯಿಂದ ಹೇಳಿಕೊಳ್ಳಬಹುದು, ಯಾರನ್ನು ಮರೆಮಾಚಬೇಕು ಎಂಬುದನ್ನು ಇಂಥ ಕಾಯ್ದೆಗಳು ಕುಟುಂಬಗಳಿಗೆ ಕಲಿಸಿದವು.

ಇದೇ ಕುಟುಂಬದ ಕವಿ ರಾಬರ್ಟ್ ಬೋಲಿಂಗ್ (1738–1775) ತನ್ನ ಮನೆತನದ ನೆನಪುಗಳನ್ನು ಫ್ರೆಂಚ್ ಭಾಷೆಯಲ್ಲಿ ಬರೆದಿಟ್ಟಿದ್ದ. ಅದರ ಇಂಗ್ಲಿಷ್ ಅನುವಾದ 1868ರಲ್ಲಿ ರಿಚ್ಮಂಡ್‌ನಲ್ಲಿ ಅಚ್ಚಾಯಿತು. ಈ ಪರಂಪರೆಯ ಪ್ರಧಾನ ಕೃತಿ ವಿಂಡಮ್ ರಾಬರ್ಟ್‌ಸನ್‌ನದು. ಒಂದು ಕಾಲದಲ್ಲಿ ವರ್ಜೀನಿಯಾದ ಹಂಗಾಮಿ ಗವರ್ನರನಾಗಿದ್ದ, ಸ್ವತಃ ಪೊಕಾಹೊಂಟಸ್‌ಳ ವಂಶಜನಾಗಿದ್ದ ಈತನ ಗ್ರಂಥ 1887ರಲ್ಲಿ ಹೊರಬಂದಿತು. ಅದರ ದೀರ್ಘ ಶೀರ್ಷಿಕೆಯೇ ಒಂದು ವಾದದಂತಿದೆ. ಪೊಕಾಹೊಂಟಸ್‌ಳ ಎರಡು ಹೆಸರುಗಳು, ಮದುವೆಯ ಸ್ಥಳ, ತಿಂಗಳು, ವರ್ಷ, ರೋಲ್ಫ್ ಕುಲೀನನೆಂಬ ವಿಶೇಷಣ ಇವೆಲ್ಲ ವಿವಾಹದ ಪ್ರಮಾಣಪತ್ರದ ಹಾಗೆ ಅಲ್ಲಿ ಕೂಡಿಬರುತ್ತವೆ. ಅನಂತರ ಆಕೆಯ ಸಂತತಿ ಸೇರಿಕೊಂಡ ಮನೆತನಗಳ ಹೆಸರುಗಳು ಅಕಾರಾದಿಯಾಗಿ ಸಾಲುಗಟ್ಟಿ ನಿಲ್ಲುತ್ತವೆ. ಅಂತರ್ಯುದ್ಧದಲ್ಲಿ ಸೋತು ಗುಲಾಮರನ್ನೂ ಸಂಪತ್ತನ್ನೂ ಕಳೆದುಕೊಂಡ ಒಂದು ವರ್ಗಕ್ಕೆ ಉಳಿದಿದ್ದ ಆಸ್ತಿಯೆಂದರೆ ವಂಶ. ಎರಡು ದಶಕಗಳ ಬಳಿಕ ಬಂದ ಈ ಕೃತಿ ಆ ಆಸ್ತಿಯ ದಾಖಲೆಪುಸ್ತಕವಾಗಿ ಓದಿಸಿಕೊಂಡಿತೆಂದರೆ ತಪ್ಪಾಗಲಾರದು. ಚೆದುರಿಹೋಗಿದ್ದ ಕುಟುಂಬಗಳ ಮಾಹಿತಿಯನ್ನು ಒಂದೆಡೆ ಸೇರಿಸಿದ ರಾಬರ್ಟ್‌ಸನ್‌ನ ಶ್ರಮ ದೊಡ್ಡದು. ಆದರೆ ಪೊಕಾಹೊಂಟಸ್‌ಳಿಂದ ಹೊರಟ ಆ ಪುಟಗಳು ಆಕೆಯ ಜನರ ಕಡೆಗೆ ತಿರುಗಿ ನೋಡುವುದಿಲ್ಲ. ಆಗಲೂ ವರ್ಜೀನಿಯಾದಲ್ಲಿಯೇ ವಾಸಿಸುತ್ತಿದ್ದ ಪಮಂಕಿ, ಮಟಪೊನೈ ಜನರಿಗೆ ಅವಳ ಬಂಧುಗಳೆಂಬ ಸ್ಥಾನ ಅಲ್ಲಿಲ್ಲ.

5

ವಂಶಾವಳಿಯ ಈ ಆಯ್ಕೆ 1924ರಲ್ಲಿ ಕಾನೂನಾಯಿತು. ಆ ವರ್ಷದ ಮಾರ್ಚ್ 20ರಂದು ಅಂಗೀಕೃತವಾದ ವರ್ಜೀನಿಯಾದ ಜನಾಂಗ ಶುದ್ಧತೆಯ ಕಾಯ್ದೆ ಬಿಳಿಯರು ಇತರರನ್ನು ಮದುವೆಯಾಗುವುದನ್ನು ನಿಷೇಧಿಸಿತು. ಬಿಳಿಯನೆಂದರೆ ಅನ್ಯ ರಕ್ತದ ಲೇಶವೂ ಇಲ್ಲದವನೆಂದು ವ್ಯಾಖ್ಯಾನಿಸಿತು. ಈ ವ್ಯಾಖ್ಯಾನವನ್ನು ಹಾಗೆಯೇ ಅನ್ವಯಿಸಿದ್ದರೆ ರಾಜ್ಯದ ಪ್ರತಿಷ್ಠಿತ ಕುಟುಂಬಗಳೇ ಬಿಳಿಯರ ವರ್ಗದಿಂದ ಹೊರಗುಳಿಯುತ್ತಿದ್ದವು. ಅದಕ್ಕಾಗಿ ಒಂದು ವಿನಾಯಿತಿಯನ್ನು ಸೇರಿಸಲಾಯಿತು. ಹದಿನಾರರಲ್ಲಿ ಒಂದು ಪಾಲು ಅಥವಾ ಅದಕ್ಕಿಂತ ಕಡಿಮೆ ಮೂಲನಿವಾಸಿ ರಕ್ತವಿದ್ದು, ಬೇರೆ ಯಾವ ಅನ್ಯ ರಕ್ತವೂ ಇಲ್ಲದವರು ಬಿಳಿಯರೆನಿಸಿದರು. ರೋಲ್ಫ್ ಮತ್ತು ಪೊಕಾಹೊಂಟಸ್‌ರ ವಂಶಜರನ್ನು ಗೌರವಿಸುವುದಕ್ಕಾಗಿಯೇ ಇದನ್ನು ಮಾಡಲಾಯಿತೆಂಬುದನ್ನು ಕಾಯ್ದೆಯ ಸಮರ್ಥಕರು ಮುಚ್ಚಿಡಲಿಲ್ಲ. ಇದು ‘ಪೊಕಾಹೊಂಟಸ್ ವಿನಾಯಿತಿ’ಯೆಂದೇ ಪ್ರಸಿದ್ಧವಾಗಿದೆ.

ಈ ಭಿನ್ನರಾಶಿಯನ್ನು ವಂಶಾವಳಿಯ ಪಕ್ಕದಲ್ಲಿಟ್ಟು ಲೆಕ್ಕ ಹಾಕಬೇಕು. ಆ ಕಾನೂನಿನ ಗಣಿತದಂತೆ ಥಾಮಸ್ ರೋಲ್ಫ್ ಅರ್ಧ ಪಾಲು ಮೂಲನಿವಾಸಿ. ಜೇನ್ ಕಾಲು ಪಾಲು. ಜಾನ್ ಬೋಲಿಂಗ್ ಎಂಟರಲ್ಲಿ ಒಂದು ಪಾಲು. ಅವನ ಮಗ ಮತ್ತು ಐವರು ಹೆಣ್ಣುಮಕ್ಕಳಲ್ಲಿ ಅದು ಸರಿಯಾಗಿ ಹದಿನಾರರಲ್ಲಿ ಒಂದು. ಅಂದರೆ 1747ರಲ್ಲಿ ಸ್ಟಿತ್ ಯಾವ ತಲೆಮಾರನ್ನು ಪಟ್ಟಿಮಾಡಿದನೋ ಆ ತಲೆಮಾರಿನಿಂದಲೇ 1924ರ ಬಿಳಿತನ ಆರಂಭವಾಗುತ್ತದೆ. ವಸಾಹತಿನ ಶಾಸನಸಭೆಯಲ್ಲಿ ಕುಳಿತಿದ್ದ ಜಾನ್ ಬೋಲಿಂಗ್ 1924ರಲ್ಲಿ ಬದುಕಿದ್ದರೆ ಬಿಳಿಯ ಹೆಣ್ಣನ್ನು ಮದುವೆಯಾಗುವಂತಿರಲಿಲ್ಲ. ಅವನ ಮಕ್ಕಳು ಆಗಬಹುದಿತ್ತು. ರಕ್ತದ ಅಳತೆ ನಿಸರ್ಗದ ನಿಯಮವೆಂದು ಸಾರಿದ ಕಾಯ್ದೆ ತನ್ನ ಗೆರೆಯನ್ನು ಎಳೆದದ್ದು ಒಂದು ಕುಟುಂಬದ ಅನುಕೂಲಕ್ಕೆ ತಕ್ಕಂತೆ. ಮಾಜಿ ಅಧ್ಯಕ್ಷರ ವಿಧವೆ, ಬೋಲಿಂಗ್ ಮನೆತನದ ಈಡಿತ್ ವಿಲ್ಸನ್, ಪೊಕಾಹೊಂಟಸ್‌ಳ ವಂಶಜೆಯೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಕಾಲವದು.

ಅದೇ ಕಾಯ್ದೆಯ ಇನ್ನೊಂದು ಮುಖ ಕ್ರೂರವಾದದ್ದು. 1912ರಿಂದ 1946ರವರೆಗೆ ವರ್ಜೀನಿಯಾದ ಜನನ-ಮರಣ ದಾಖಲೆಗಳ ಅಧಿಕಾರಿಯಾಗಿದ್ದ ವಾಲ್ಟರ್ ಪ್ಲೆಕರ್, ರಾಜ್ಯದಲ್ಲಿ ಶುದ್ಧ ಮೂಲನಿವಾಸಿಗಳೇ ಉಳಿದಿಲ್ಲ, ಹಾಗೆ ಹೇಳಿಕೊಳ್ಳುವವರೆಲ್ಲ ಆಫ್ರಿಕನ್ ಮಿಶ್ರಣದವರು ಎಂದು ನಂಬಿದ್ದ. ಜನನಪತ್ರಗಳಲ್ಲಿ ಮೂಲನಿವಾಸಿ ಎಂಬ ನಮೂದನ್ನು ನಿರಾಕರಿಸಿದ. ಹಳೆಯ ಪತ್ರಗಳ ಮೇಲೆ ತನ್ನ ಷರಾ ಸೇರಿಸಿದ. 1943ರಲ್ಲಿ ಜಿಲ್ಲೆವಾರು ಮನೆತನದ ಹೆಸರುಗಳ ಪಟ್ಟಿಯನ್ನು ಸ್ಥಳೀಯ ಅಧಿಕಾರಿಗಳಿಗೆ ಕಳುಹಿಸಿ, ಆ ಹೆಸರಿನವರ ಮೇಲೆ ಕಣ್ಣಿಡುವಂತೆ ಸೂಚಿಸಿದ. ವಂಶಾವಳಿಯ ಸಾಧನಗಳಾದ ಮನೆತನದ ಹೆಸರು, ಊರು, ಹಳೆಯ ದಫ್ತರಗಳೇ ಇಲ್ಲಿ ಒಂದು ಜನಸಮುದಾಯವನ್ನು ಅಳಿಸುವ ಸಾಧನಗಳಾದವು. ಪೊಕಾಹೊಂಟಸ್‌ಳ ದೂರದ ಬಿಳಿಯ ವಂಶಜರಿಗೆ ಆಕೆಯ ಹೆಸರು ರಕ್ಷೆಯಾಯಿತು. ಅವಳ ಜನರ ನೇರ ವಾರಸುದಾರರಿಗೆ ತಾವು ಯಾರೆಂದು ಹೇಳಿಕೊಳ್ಳುವ ಹಕ್ಕೇ ಇಲ್ಲವಾಯಿತು.

1967ರ ಜೂನ್ 12ರಂದು ಲವಿಂಗ್ ದಂಪತಿಗಳ ಪ್ರಕರಣದಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಅಂತರ್ಜನಾಂಗೀಯ ವಿವಾಹದ ನಿಷೇಧವನ್ನು ರದ್ದುಪಡಿಸಿತು. ಆ ತೀರ್ಪಿನ ಅಡಿಟಿಪ್ಪಣಿಯಲ್ಲಿಯೂ ರೋಲ್ಫ್ ಮತ್ತು ಪೊಕಾಹೊಂಟಸ್‌ರ ವಂಶಜರ ವಿನಾಯಿತಿ ಪ್ರಸ್ತಾಪವಾಗಿದೆ. ಆದರೆ ತಿದ್ದಿದ ದಾಖಲೆಗಳ ಪರಿಣಾಮ ಕಾಯ್ದೆಯೊಂದಿಗೆ ಕೊನೆಗೊಳ್ಳಲಿಲ್ಲ. ಬುಡಕಟ್ಟಿಗೆ ಕೇಂದ್ರ ಸರ್ಕಾರದ ಆಡಳಿತಾತ್ಮಕ ಮಾನ್ಯತೆ ದೊರೆಯಬೇಕಾದರೆ ಐತಿಹಾಸಿಕ ಬುಡಕಟ್ಟಿನಿಂದ ತಮ್ಮ ವಂಶ ಇಳಿದುಬಂದಿದೆಯೆಂದು ಸದಸ್ಯರು ದಾಖಲೆಗಳಿಂದ ತೋರಿಸಬೇಕು. ಸರ್ಕಾರವೇ ಕೆಡಿಸಿದ ದಾಖಲೆಗಳನ್ನು ಸರ್ಕಾರದ ಮುಂದೆ ಸಾಕ್ಷ್ಯವಾಗಿ ಇಡಬೇಕಾದ ಸಂಕಟ ಅವರದಾಯಿತು. ಪಮಂಕಿ ಬುಡಕಟ್ಟಿಗೆ 2015ರಲ್ಲಿ ಮಾನ್ಯತೆಯ ನಿರ್ಣಯ ದೊರೆಯಿತು. ಚಿಕಹಾಮಿನಿ, ಪೂರ್ವ ಚಿಕಹಾಮಿನಿ, ಮೇಲಣ ಮಟಪೊನೈ, ರಪಹಾನಕ್, ನಾನ್ಸಿಮಂಡ್, ಮೊನಾಕನ್ ಎಂಬ ಆರು ಬುಡಕಟ್ಟುಗಳಿಗೆ ಅದು 2018ರಲ್ಲಿ ಸಂಸತ್ತಿನ ವಿಶೇಷ ಕಾಯ್ದೆಯ ಮೂಲಕ ಬಂದಿತು. ಆಫ್ರಿಕನ್ ಮೂಲದವರೊಂದಿಗಿನ ವಿವಾಹವನ್ನು ನಿಷೇಧಿಸುವ ನಿಯಮವನ್ನು ಪಮಂಕಿಗಳು 2012ರವರೆಗೂ ಉಳಿಸಿಕೊಂಡಿದ್ದರೆಂಬುದನ್ನು ಇಲ್ಲಿಯೇ ಹೇಳಬೇಕು. ಅಳಿಸಿಹೋಗುವ ಭಯದಲ್ಲಿ ಬದುಕಿದ ಸಮುದಾಯ ತನ್ನನ್ನು ಅಳೆದ ಅಳತೆಗೋಲನ್ನೇ ತಾನೂ ಹಿಡಿಯಬೇಕಾಗಿ ಬಂದದ್ದು ಈ ವ್ಯವಸ್ಥೆಯ ಆಳವನ್ನು ಸೂಚಿಸುತ್ತದೆ.

6

ಇಷ್ಟರಿಂದ ವಂಶಾವಳಿ ಶಾಸ್ತ್ರವನ್ನೇ ತಿರಸ್ಕರಿಸಬೇಕೆಂಬ ತೀರ್ಮಾನಕ್ಕೆ ಬರುವುದು ಸರಿಯಾಗದು. ಹಣ ಪಡೆದು ಸುಳ್ಳು ವಂಶವೃಕ್ಷಗಳನ್ನು ತಯಾರಿಸಿಕೊಟ್ಟ ಗುಸ್ತಾವ್ ಆಂಜೂವಿನಂಥವರು ಅಮೆರಿಕದಲ್ಲಿ ಇದ್ದ ಕಾಲದಲ್ಲಿಯೇ ಡೊನಾಲ್ಡ್ ಲೈನ್ಸ್ ಜಾಕೋಬಸ್ ಮೊದಲಾದವರು ಪ್ರತಿ ಕೊಂಡಿಗೂ ಸಮಕಾಲೀನ ಸಾಕ್ಷ್ಯ ಬೇಕೆಂಬ ಕಟ್ಟುನಿಟ್ಟನ್ನು ಈ ಕ್ಷೇತ್ರಕ್ಕೆ ತಂದರು. 1625ರ ಜನಗಣತಿಯನ್ನು ಆಧಾರವಾಗಿಟ್ಟು 1956ರಲ್ಲಿ ಮೊದಲು ಪ್ರಕಟವಾದ ವರ್ಜೀನಿಯಾ ವಲಸೆಗಾರರ ವಂಶಾವಳಿಯ ಸಂಪುಟ ಕುಟುಂಬದ ಐತಿಹ್ಯಕ್ಕಿಂತ ದಾಖಲೆಗೆ ಮನ್ನಣೆ ನೀಡುವ ಈ ಮನೋಧರ್ಮದ ಫಲ. ಆಂಜೆಲಾ ನಮಗೆ ದೊರೆತಿರುವುದು ಆ ಜನಗಣತಿಯಿಂದಲೇ ಎಂಬುದನ್ನು ಮರೆಯುವಂತಿಲ್ಲ. ದಾಖಲೆ ಒಂದೇ, ಅದಕ್ಕೆ ಕೇಳುವ ಪ್ರಶ್ನೆಗಳು ಬದಲಾಗಬೇಕು.

ಮೂಲನಿವಾಸಿಗಳ ಕಡೆಯಿಂದಲೂ ಪ್ರತಿಕಥನ ಹುಟ್ಟಿದೆ. ಮಟಪೊನೈ ಜನರ ಮೌಖಿಕ ಪರಂಪರೆಯನ್ನು ಆಧರಿಸಿ ಲಿನ್‌ವುಡ್ ಕಸ್ಟಲೊ ಮತ್ತು ಏಂಜೆಲಾ ಡೇನಿಯಲ್ 2007ರಲ್ಲಿ ಪ್ರಕಟಿಸಿದ ಕೃತಿ ಪೊಕಾಹೊಂಟಸ್‌ಳ ಮದುವೆಯನ್ನು ಸೆರೆಯಲ್ಲಿದ್ದವಳ ಮೇಲಿನ ಬಲಾತ್ಕಾರದ ಹಿನ್ನೆಲೆಯಲ್ಲಿ ನೋಡುತ್ತದೆ. ಥಾಮಸ್‌ನ ತಂದೆ ರೋಲ್ಫನೇ ಎಂಬುದನ್ನೂ ಅನುಮಾನಿಸುತ್ತದೆ. ನಾಲ್ಕು ಶತಮಾನಗಳ ಅನಂತರ ಬರಹಕ್ಕೆ ಇಳಿದ ಮೌಖಿಕ ಸಾಕ್ಷ್ಯವನ್ನು ಅಕ್ಷರಶಃ ಒಪ್ಪುವುದು ಕಷ್ಟ. ಹಾಗೆಂದು, ಗಂಡನ ಹೆಸರನ್ನೇ ತಪ್ಪಾಗಿ ಬರೆದ ಗ್ರೇವ್ಸೆಂಡ್‌ನ ದಫ್ತರಕ್ಕೆ ನಾವು ತೋರುವ ತಾಳ್ಮೆಯನ್ನು ಮೌಖಿಕ ಪರಂಪರೆಗೆ ನಿರಾಕರಿಸುವುದೂ ನ್ಯಾಯವಲ್ಲ. ಪೊಕಾಹೊಂಟಸ್ ಸೆರೆಯಾಳಾಗಿದ್ದಾಗ ಮದುವೆ ನಿಶ್ಚಯವಾಯಿತೆಂಬುದು ಇಂಗ್ಲಿಷ್ ದಾಖಲೆಗಳೇ ಹೇಳುವ ಮಾತು. ಗವರ್ನರ್ ಥಾಮಸ್ ಡೇಲ್‌ಗೆ ಬರೆದ ಪತ್ರದಲ್ಲಿ ರೋಲ್ಫ್ ಅನ್ಯಕುಲದ ಹೆಣ್ಣನ್ನು ವರಿಸಿದ ಇಸ್ರೇಲರ ಮೇಲೆ ದೇವರು ಮುನಿದದ್ದನ್ನು ನೆನೆದು ತನ್ನ ಮನಸ್ಸಿನ ತಳಮಳವನ್ನು ದೀರ್ಘವಾಗಿ ತೋಡಿಕೊಂಡಿದ್ದಾನೆ. ಅವಳ ಮನಸ್ಸಿನಲ್ಲಿ ಏನಿತ್ತೆಂಬುದಕ್ಕೆ ಅವಳದೇ ಬರಹವಿಲ್ಲ. ಮೌಖಿಕ ಪರಂಪರೆ ಮಾತನಾಡುತ್ತಿರುವುದು ಆ ಖಾಲಿ ಜಾಗದಿಂದ.

ರೋಲ್ಫ್ ಕುಟುಂಬದ ವಂಶಾವಳಿಯನ್ನು ಮುಂದೆ ಬರೆಯುವವರು ಮೂರು ಅಂಶಗಳನ್ನು ಗಮನದಲ್ಲಿಡುವುದು ಅಗತ್ಯವೆನಿಸುತ್ತದೆ. ಸಾಕ್ಷ್ಯವಿಲ್ಲದ ಚೌಕಗಳನ್ನು ಖಾಲಿಯಾಗಿಯೇ ಬಿಡುವ ಧೈರ್ಯ ಬೇಕು. ರೋಲ್ಫ್‌ನ ಮೊದಲ ಹೆಂಡತಿಗೆ ಆಧಾರವಿಲ್ಲದ ಹೆಸರು ನೀಡುವುದಕ್ಕಿಂತ ಆಕೆಯ ಹೆಸರನ್ನು ಯಾರೂ ಬರೆದಿಡಲಿಲ್ಲವೆಂದು ಹೇಳುವುದು ಆಕೆಗೆ ಸಲ್ಲುವ ಗೌರವ. ಪೊಕಾಹೊಂಟಸ್‌ಳನ್ನು ಇಂಗ್ಲಿಷ್ ವೃಕ್ಷದ ಬೇರಾಗಿ ಮಾತ್ರ ನೋಡದೆ ಅವಳ ಸ್ವಂತ ಜನರ ಬಂಧುತ್ವದ ಜಾಲದೊಳಗೂ ಇಡಬೇಕು. ಕುಟುಂಬದ ಹೊಸ್ತಿಲೊಳಗೆ ಬದುಕಿಯೂ ವಂಶದ ಹೊರಗೆ ಉಳಿದ ಆಂಜೆಲಾಳಂಥವರನ್ನು ಅದೇ ಪುಟದಲ್ಲಿ ದಾಖಲಿಸಬೇಕು. ಹೀಗೆ ಬರೆದಾಗ ವಂಶಾವಳಿಯ ಗಾತ್ರ ಹಿಗ್ಗುತ್ತದೆ, ಅದರ ಹೆಮ್ಮೆ ಕುಗ್ಗುತ್ತದೆ. 1924ರಲ್ಲಿ ಒಂದು ರಾಜ್ಯ ಯಾರು ಯಾರನ್ನು ಮದುವೆಯಾಗಬಹುದೆಂದು ನಿರ್ಧರಿಸಿದ್ದು, 2018ರವರೆಗೂ ಆರು ಬುಡಕಟ್ಟುಗಳು ತಮ್ಮ ಅಸ್ತಿತ್ವದ ಮಾನ್ಯತೆಗಾಗಿ ಕಾದದ್ದು ಇವೆರಡೂ ಹಳೆಯ ಪಟ್ಟಿಗಳನ್ನು ಪ್ರಶ್ನಿಸದೆ ಒಪ್ಪಿಕೊಂಡದ್ದರ ಫಲಗಳು. ಪಟ್ಟಿಯನ್ನು ಓದುವ ಬಗೆ ಆದ್ದರಿಂದ ವಿದ್ವತ್ತಿನ ಒಳಗಿನ ಪ್ರಶ್ನೆಯಾಗಿ ಮಾತ್ರ ಉಳಿಯುವುದಿಲ್ಲ.